“ಇದೇ ನಿಮ್ಮನೆ ಅಂತ ಹೇಳಿಬಿಡಬಾರದಾ?”

ಸಂಜೆ ಐದರ ಮೇಲೆ ನಮ್ಮ ಮನೆಗೆ ಬಂದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಕೆಲವರು ನನ್ನ ಹಿಂದೆಯೇ ಅಡುಗೆಮನೆಗೆ ಬಂದು ಪಿಸುಗುಟ್ಟುತ್ತಾರೆ. ಕೆಲವರು ಅತ್ತೆಯ ಎದುರಿಗೇ ಕೇಳುತ್ತಾರೆ, ಅವರಿಗೆ ಕಿವಿಯೂ ಇಲ್ಲವೇನೋ ಅನ್ನೋ ಹಾಗೆ.

ನಮ್ಮ ಅತ್ತೆಗೆ 79 ವರ್ಷ. ಅಲ್ಝೈಮರ್ಸ್ ಅನ್ನೋ ಮರೆವಿನ ಕಾಯಿಲೆ ಅಂತ ಗೊತ್ತಾಗಿ 5 ವರ್ಷ ಆಯ್ತು. ಹುಟ್ಟಿದ್ದು, ಬೆಳೆದದ್ದು, ಸಂಸಾರ ಮಾಡಿದ್ದು ಎಲ್ಲ ತೀರ್ಥಹಳ್ಳಿ ಕಡೆ. ಮಾವ ತೀರಿಕೊಂಡ ಮೇಲೆ ಮೈಸೂರಿಗೆ, ನಮ್ಮ ಜೊತೆ ಇರೋಕೆ ಬಂದರು. ಅದಾಗಿ 13 ವರ್ಷ. ಹೊತ್ತು ಇಳಿಯುತ್ತಿದ್ದ ಹಾಗೆ ಸೆರಗು ಸರಿ ಮಾಡಿಕೊಂಡು, ಕೈಚೀಲ ಹಿಡಿದು ಬಾಗಿಲ ಹತ್ತಿರ ನಿಂತುಬಿಡುತ್ತಾರೆ. “ಹೊತ್ತಾಯ್ತು ಕಣೇ, ಮನೆಗೆ ಹೋಗ್ತೀನಿ. ಹಾಲು ಕರೀಬೇಕು.”

“ಯಾವ ಹಸು ಮೊದಲು ಕರೀತೀರಿ ಅತ್ತೆ?” ಅಂತ ನಾನು ಕೇಳುತ್ತೇನೆ.

ಬಂದವರಿಗೆ ಇದು ಸರಿಬರುವುದಿಲ್ಲ. ಹಸುವೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಊರಿನ ತೋಟ ಈಗ ಮೈದುನನ ಕೈಲಿದೆ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. “ಯಾಕೆ ಹೀಗೆ ಆಟ ಆಡಿಸ್ತೀರಾ? ಇದೇ ನಿಮ್ಮನೆ ಅಂತ ಹೇಳಿಬಿಡಬಾರದಾ? ದಿನಾ ಸುಳ್ಳು ಹೇಳೋದು ತಪ್ಪಲ್ವಾ?”

ಹೇಳಿದ್ದೇನೆ. ಒಂದು ವರ್ಷ ಪೂರ್ತಿ ಅದನ್ನೇ ಹೇಳಿದ್ದೇನೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ದಾಖಲೆ ತೋರಿಸಿದರೆ ಯಾರಾದರೂ ಒಪ್ಪಲೇಬೇಕು ಅನ್ನೋದು ನನ್ನ ನಂಬಿಕೆ. ಕರೆಂಟ್ ಬಿಲ್ ತೋರಿಸಿದೆ. ಗೃಹಪ್ರವೇಶದ ಫೋಟೋ ತೋರಿಸಿದೆ. ಅದರಲ್ಲಿ ಅವರೇ ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಾರೆ. ತುಂಬಾ ಹೊತ್ತು ನೋಡಿ, “ಹಸು ಚೆನ್ನಾಗಿದೆ. ಇವ್ರು ಯಾರು?” ಅಂದರು. ಹತ್ತು ನಿಮಿಷಕ್ಕೆ ಮತ್ತೆ ಬಾಗಿಲ ಹತ್ತಿರ. ನಾನು ಮತ್ತೆ ಹೇಳಿದೆ. ಅವರ ದನಿ ಏರಿತು, ನನ್ನದೂ ಏರಿತು. ಕೊನೆಗೆ ಅವರು, “ನನ್ನನ್ನ ಇಲ್ಲಿ ಕೂಡಿಹಾಕಿದ್ದಾರೆ” ಅಂತ ಕಿಟಕಿಯಿಂದ ಪಕ್ಕದ ಮನೆಯವರನ್ನು ಕೂಗಿದರು.

ಅವರದು ಹಠ ಅಂದುಕೊಂಡಿದ್ದೆ. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ನಮ್ಮ ಮಿದುಳಿನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಪುಟ್ಟ ಭಾಗ ಇರುತ್ತದೆ. ಹೊಸ ಸಂಗತಿಗಳು ನೆನಪಾಗಿ ಉಳಿಯಬೇಕಾದರೆ ಅದರ ಸಹಾಯ ಬೇಕೇ ಬೇಕು. ಅಲ್ಝೈಮರ್ಸ್ ಕೈಯಿಡುವ ಮೊದಮೊದಲ ಜಾಗಗಳಲ್ಲಿ ಅದೂ ಒಂದು. ಅದಕ್ಕೇ ಬೆಳಿಗ್ಗೆ ತಿಂದ ತಿಂಡಿ ಮರೆತುಹೋಗುತ್ತದೆ, ಮದುವೆಯ ದಿನದ ಊಟ ಬಾಯಲ್ಲಿರುತ್ತದೆ. ಹೊಸದು ಮೊದಲು ಹೋಗುತ್ತದೆ, ಹಳೆಯದು ನಿಧಾನಕ್ಕೆ. ಅತ್ತೆಯ ಲೆಕ್ಕದಲ್ಲಿ ಮೈಸೂರಿನ 13 ವರ್ಷ ಅಳಿಸಿಹೋಗಿದೆ. ನಾನು ಕರೆಂಟ್ ಬಿಲ್ ಹಿಡಿದು ವಾದ ಮಾಡುತ್ತಿದ್ದದ್ದು ಯಾರೋ ಅಪರಿಚಿತರ ಮನೆಯಲ್ಲಿ ಕತ್ತಲಾಗುವ ಹೊತ್ತಿಗೆ ಸಿಕ್ಕಿಕೊಂಡ ಒಬ್ಬ ಹೆಂಗಸಿನ ಜೊತೆ.

ನಮ್ಮಲ್ಲಿ ಇದಕ್ಕೆಲ್ಲ ಒಂದೇ ಮಾತು: ಅರವತ್ತಕ್ಕೆ ಅರಳುಮರುಳು. ಈ ಮಾತಿನಿಂದ ನಾವು ಕಳೆದುಕೊಂಡ ಸಮಯ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮೊದಲು ತೋರಿಸಿದ ಡಾಕ್ಟರು ಕೂಡ, “ವಯಸ್ಸಾಯ್ತಲ್ಲಮ್ಮ” ಅಂದು ಟಾನಿಕ್ ಬರೆದುಕೊಟ್ಟು ಕಳಿಸಿದ್ದರು. ವಯಸ್ಸಾದವರಿಗೆ ಇದು ಜಾಸ್ತಿ ಬರುತ್ತದೆ, ನಿಜ. ಆದರೂ ಇದು ಕಾಯಿಲೆಯೇ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಅಲೋಯ್ಸ್ ಅಲ್ಝೈಮರ್ ಅನ್ನೋ ಡಾಕ್ಟರು ನೋಡಿದ ಆಗುಸ್ಟ್ ಡೇಟರ್ ಎಂಬ ಹೆಂಗಸಿಗೆ ಆಗ ಬರೀ 51 ವರ್ಷ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೀವಕೋಶಗಳ ನಡುವೆ ಕಸದ ಹಾಗೆ ಕೂಡಿಕೊಂಡ ಪದಾರ್ಥ, ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು. ನೆನಪು, ಬುದ್ಧಿ ಕುಂದುತ್ತಾ ಹೋಗುವ ಇಂಥ ಕಾಯಿಲೆಗಳಿಗೆಲ್ಲ ಡಿಮೆನ್ಷಿಯಾ ಅನ್ನೋದು ಒಟ್ಟು ಹೆಸರು. ಅಲ್ಝೈಮರ್ಸ್ ಅದರಲ್ಲಿ ಹೆಚ್ಚು ಕಾಣುವ ಬಗೆ. ಮಿದುಳಿನ ರಕ್ತನಾಳ ಕಟ್ಟಿ ಬರುವುದು ಇನ್ನೊಂದು, ಹೀಗೆ ಬೇರೆ ಬೇರೆ ಇವೆ.

ಮರೆವು ಶುರುವಾದ ಕೂಡಲೇ ಡಾಕ್ಟರ ಹತ್ತಿರ ಹೋಗಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ಬಿ12 ಕಡಿಮೆಯಾದರೂ, ಥೈರಾಯ್ಡ್ ಇಳಿದರೂ, ಖಿನ್ನತೆ ಇದ್ದರೂ ಇದೇ ತರಹ ಮರೆವು ಬರಬಹುದು. ಅವಕ್ಕೆ ಮದ್ದಿದೆ. ಅಲ್ಝೈಮರ್ಸ್‌ಗೆ ಕೊಡುವ ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಅನುಕೂಲ ಮಾಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ನಮ್ಮ ರಸ್ತೆಯಲ್ಲಿ ನಮ್ಮನೆ ಒಂದೇ ಅಂದುಕೊಂಡಿದ್ದೆ. ಇನ್ನೂ ಎರಡು ಮನೆ ಇದ್ದವು. ಅವರು ಬಾಗಿಲು ಹಾಕಿಕೊಂಡಿದ್ದರು, ಅಷ್ಟೇ.

ಇರಲಿ, ಹಸುವಿನ ವಿಷಯಕ್ಕೆ ಬರುತ್ತೇನೆ.

ಒಂದು ಸಲ ನಮ್ಮವರಿಗೆ ಅನ್ನಿಸಿತು, ಅಮ್ಮ ಇಷ್ಟು ಕೇಳ್ತಾರಲ್ಲ, ಒಂದು ಸಲ ಕರೆದುಕೊಂಡೇ ಹೋಗೋಣ ಅಂತ. ಏಳು ಗಂಟೆ ಕಾರು ಓಡಿಸಿಕೊಂಡು ಹೋದೆವು. ಅತ್ತೆ ಅಂಗಳಕ್ಕೆ ಇಳಿದವರು ಯಾರನ್ನೂ ಕೇಳದೆ ನೇರ ಬಚ್ಚಲಿಗೆ ಹೋಗಿ, ಹಂಡೆಯಿಂದ ನೀರು ತಗೊಂಡು ಕಾಲು ತೊಳೆದುಕೊಂಡರು. ನಮ್ಮವರ ಕಣ್ಣಲ್ಲಿ ನೀರು. ಮಧ್ಯಾಹ್ನ ಊಟ ಚೆನ್ನಾಗಿ ಮಾಡಿದರು. ಎಲ್ಲರೂ, “ನೋಡಿ, ಊರಿಗೆ ಬಂದದ್ದೇ ಸರಿಹೋದ್ರು” ಅಂದರು. ಐದು ಗಂಟೆ ಆಯ್ತು. ಅತ್ತೆ ಜಗಲಿಯಿಂದ ಎದ್ದರು. ಕೈಚೀಲ ಹುಡುಕಿದರು. “ಹೊತ್ತಾಯ್ತು. ಮನೆಗೆ ಹೋಗೋಣ ನಡೀರಿ.”

ಅವರು ಮದುವೆಯಾಗಿ ಬಂದ ಮನೆ ಅದು. ಮಕ್ಕಳನ್ನು ಸಾಕಿದ ಮನೆ. ಅಲ್ಲಿಂದ ಎಲ್ಲಿಗೆ ಕರೆದುಕೊಂಡು ಹೋಗೋದು?

ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಮಾತ್ರ ಒಂದು ವಿಷಯ ಖಚಿತವಾಯ್ತು. ಅವರು ಕೇಳುತ್ತಿರೋದು ವಿಳಾಸ ಅಲ್ಲ. ಆ ಹೊತ್ತಿಗೆ ಅವರಿಗೆ ಒಂದು ಕೆಲಸ ಇತ್ತು. ಅವರಿಗಾಗಿ ಕಾಯುವ ಜೀವಗಳಿದ್ದವು. ಅವರು ಹೋಗದಿದ್ದರೆ ಹಸು ಕೂಗುತ್ತಿತ್ತು, ಕರು ಹಸಿದಿರುತ್ತಿತ್ತು. ಈಗ ಐದು ಗಂಟೆಗೆ ಸೋಫಾದ ಮೇಲೆ ಕೂರಿಸಿ ಟೀವಿ ಹಾಕುತ್ತೇವೆ. ಎಲ್ಲೋ ಏನೋ ಬಿಟ್ಟುಬಂದ ಹಾಗೆ ಅನ್ನಿಸದೆ ಇರುತ್ತದಾ?

ಅದಕ್ಕೇ ನಾನು ಹಸುವಿನ ಬಗ್ಗೆ ಕೇಳೋಕೆ ಶುರು ಮಾಡಿದೆ. ಅವರು ಹೇಳುತ್ತಾರೆ: ಗಂಗೆ ಒದೀತಾಳೆ, ಅವಳನ್ನ ಮೊದಲು ಮುಗಿಸ್ಬೇಕು. ಕೌಲಿ ಸಾಧು, ಆದ್ರೆ ಹಾಲು ಕಡಿಮೆ. ಎಲ್ಲ ಮಲೆನಾಡು ಗಿಡ್ಡ ದನಗಳು. ಹೇಳುತ್ತಾ ಹೇಳುತ್ತಾ ಕೂತುಬಿಡುತ್ತಾರೆ. ಆಗ ಅವರ ಮುಂದೆ ಒಂದು ಮೊರ ಇಡುತ್ತೇನೆ. ಅವರೆಕಾಯಿ ಕಾಲದಲ್ಲಿ ಅವರೆಕಾಯಿ, ಇಲ್ಲದಿದ್ದರೆ ಹೂ ಮತ್ತು ಬಾಳೆನಾರು. ನನ್ನ ಹೆಸರು ಮರೆತ ಬೆರಳುಗಳಿಗೆ ಗಂಟು ಹಾಕೋದು ಮರೆತಿಲ್ಲ. ಕೈಗೆ ರೂಢಿಯಾದ ಕೆಲಸದ ನೆನಪು ಮಿದುಳಿನ ಬೇರೆ ಕಡೆ ಇರುತ್ತದಂತೆ, ಅದು ಬೇಗ ಕೆಡುವುದಿಲ್ಲ. ಆ ಮಾಲೆಯನ್ನು ನಾನು ನಿಜವಾಗಿಯೂ ದೇವರಿಗೆ ಹಾಕುತ್ತೇನೆ. ಸುಮ್ನೆ ಕೈಗೆ ಕೆಲಸ ಕೊಟ್ಟರೆ ಅವರಿಗೆ ಗೊತ್ತಾಗಿಬಿಡುತ್ತದೆ. ಒಂದು ಸಲ ಬಿಡಿಸಿದ್ದ ಕಾಳನ್ನೇ ಮತ್ತೆ ಸಿಪ್ಪೆ ಜೊತೆ ಬೆರೆಸಿ ಕೊಟ್ಟಿದ್ದೆ. ಮೊರ ನನ್ನ ಕಡೆ ತಳ್ಳಿ, “ನನಗೇನು ಹುಚ್ಚಾ?” ಅಂದರು.

ಸಂಜೆಯೇ ಯಾಕೆ ಅಂತಲೂ ಕೇಳುತ್ತಾರೆ. ಡಾಕ್ಟರುಗಳು ಇದಕ್ಕೆ ಸನ್‌ಡೌನಿಂಗ್ ಅನ್ನುತ್ತಾರೆ. ಹಗಲೆಲ್ಲ ಗೊತ್ತಿಲ್ಲದ ಲೋಕದಲ್ಲಿ ಗೊತ್ತಿರುವ ಹಾಗೆ ನಡೆದುಕೊಂಡು ಮಿದುಳು ದಣಿದಿರುತ್ತದೆ. ಹಗಲು ರಾತ್ರಿ ತಿಳಿಸುವ ಒಳಗಿನ ಗಡಿಯಾರವೂ ಹಾಳಾಗಿರುತ್ತದೆ. ಮಬ್ಬು ಬೆಳಕಿನಲ್ಲಿ ಬಾಗಿಲ ಹಿಂದೆ ನೇತುಹಾಕಿದ ಅಂಗಿ ಯಾರೋ ನಿಂತ ಹಾಗೆ ಕಾಣುತ್ತದೆ. ನಾವು ನಾಲ್ಕೂವರೆಗೇ ಎಲ್ಲ ಲೈಟು ಹಾಕಿ ಪರದೆ ಎಳೆಯುತ್ತೇವೆ, ಗಾಜಿನಲ್ಲಿ ಅವರ ನೆರಳು ಅವರಿಗೇ ಹೆದರಿಕೆ ಹುಟ್ಟಿಸುತ್ತಿತ್ತು. ಕಾಫಿ ಜೊತೆ ತಿನ್ನೋಕೆ ಏನಾದರೂ ಕೊಡುತ್ತೇವೆ. ಎಷ್ಟೋ ಸಲ “ಮನೆಗೆ ಹೋಗಬೇಕು” ಅಂದರೆ ಬಚ್ಚಲಿಗೆ ಹೋಗಬೇಕು ಅಂತ, ಇಲ್ಲವೇ ಮಂಡಿ ನೋಯ್ತಿದೆ ಅಂತ. ಮೊದಲು ಅದನ್ನು ನೋಡಬೇಕು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಮರೆಯಬೇಡಿ. ಹೋದ ವರ್ಷ ಎರಡೇ ದಿನದಲ್ಲಿ ಅತ್ತೆ ಪೂರ್ತಿ ಬದಲಾದರು. ಗೋಡೆ ಮೇಲೆ ಇರುವೆ ಹರಿದಾಡ್ತಿವೆ ಅಂತ ಒರೆಸುತ್ತಿದ್ದರು, ರಾತ್ರಿಯೆಲ್ಲ ಕೂಗಾಟ. ಕಾಯಿಲೆ ಜಾಸ್ತಿಯಾಯ್ತು ಅಂದುಕೊಂಡೆವು. ನೋಡಿದರೆ ಮೂತ್ರದ ಸೋಂಕು. ಆಂಟಿಬಯೊಟಿಕ್ ಕೊಟ್ಟು ಒಂದು ವಾರಕ್ಕೆ ಮೊದಲಿನ ಹಾಗಾದರು. ಡಿಮೆನ್ಷಿಯಾ ಹೀಗೆ ದಿಢೀರ್ ಅಂತ ಏರುವುದು ಅಪರೂಪ. ಒಂದೆರಡು ದಿನದಲ್ಲಿ ಬದಲಾವಣೆ ಕಂಡರೆ ಬೇರೇನೋ ಆಗಿದೆ ಅಂತಲೇ ಲೆಕ್ಕ, ಅವತ್ತೇ ಡಾಕ್ಟರಿಗೆ ತೋರಿಸಬೇಕು.

“ಹೇಗಿದ್ದರೂ ಮರೆತುಹೋಗ್ತಾರಲ್ಲ, ಒಂದು ಸಲ ಗದರಿಸಿದರೆ ಏನಾಯ್ತು” ಅನ್ನುವವರೂ ಇದ್ದಾರೆ. ನಾನೂ ಗದರಿಸಿದ್ದೇನೆ. ಆ ದಿನ ಮಗಳಿಗೆ ಪರೀಕ್ಷೆ, ಕೆಲಸದವಳು ಬಂದಿರಲಿಲ್ಲ, ಅತ್ತೆ ಹದಿನೇಳನೇ ಸಲ ಬಾಗಿಲು ತಟ್ಟುತ್ತಿದ್ದರು. ಕಿರುಚಿಬಿಟ್ಟೆ. ಐದು ನಿಮಿಷಕ್ಕೆ ಅವರಿಗೆ ಅದು ನೆನಪಿರಲಿಲ್ಲ. ಆದರೆ ರಾತ್ರಿ ಊಟ ಮಾಡಲಿಲ್ಲ, ನಾನು ಹತ್ತಿರ ಹೋದರೆ ಮುದುರಿಕೊಳ್ಳುತ್ತಿದ್ದರು. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಇಂಥದ್ದೇ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಅಲ್ಝೈಮರ್ಸ್ ಇದ್ದ 17 ಮಂದಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ನೋಡಿದ್ದು ಬೇಗ ಮರೆತುಹೋಯಿತು, ಅದರಿಂದ ಹುಟ್ಟಿದ ಭಾವ ಉಳಿದುಕೊಂಡಿತು. ಯಾರಿಗೆ ಕಡಿಮೆ ನೆನಪಿತ್ತೋ ಅವರಲ್ಲೇ ದುಃಖ ಹೆಚ್ಚು ಹೊತ್ತು ಉಳಿಯಿತಂತೆ. ಕಾರಣ ಗೊತ್ತಿದ್ದರೆ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಅವರಿಗೆ ಆ ದಾರಿಯೂ ಇಲ್ಲ.

ಅವತ್ತಿನಿಂದ ವಾರಕ್ಕೆ ಎರಡು ಸಂಜೆ ನಮ್ಮವರು ಮನೆಯಲ್ಲಿರುತ್ತಾರೆ, ನಾನು ಹೊರಗೆ ಹೋಗುತ್ತೇನೆ. ಇದನ್ನು ಜಗಳ ಮಾಡಿಯೇ ಪಡೆದುಕೊಂಡೆ, ಅದೇನೂ ಗುಟ್ಟಲ್ಲ. ಹತ್ತಿರದಲ್ಲಿ ಯಾರೂ ಇಲ್ಲದವರು ಹಿರಿಯರ ಸಹಾಯವಾಣಿ 14567ಕ್ಕೆ, ಮನಸ್ಸು ಕೆಟ್ಟಾಗ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು.

ಈಗ ಸುಳ್ಳಿನ ವಿಷಯ. ಹಸುವಿನ ಬಗ್ಗೆ ಕೇಳೋದು ಸುಳ್ಳಾ? ನನಗೆ ಹಾಗೆ ಅನ್ನಿಸುವುದಿಲ್ಲ. ಗಂಗೆ ಇದ್ದದ್ದು ನಿಜ, ಒದೆಯುತ್ತಿದ್ದದ್ದೂ ನಿಜ. ಆದರೆ ಸುಳ್ಳನ್ನೂ ಹೇಳಿದ್ದೇನೆ. “ನಾಳೆ ಬೆಳಿಗ್ಗೆ ಹೋಗೋಣ” ಅಂತ ಒಂದು ತಿಂಗಳು ಹೇಳಿ ಆರಾಮಾಗಿದ್ದೆ. ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದರೆ ಅತ್ತೆ ಸ್ವೆಟರ್ ಹಾಕಿಕೊಂಡು ಗೇಟಿನ ಹತ್ತಿರ ಕೂತಿದ್ದಾರೆ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ ನೋಡಿ. ಆಮೇಲೆ ಗೇಟಿಗೆ ಅವರ ಕೈಗೆ ಎಟುಕದ ಹಾಗೆ ಇನ್ನೊಂದು ಚಿಲಕ ಹಾಕಿಸಿದೆವು, ಹೆಸರು ಮತ್ತು ಫೋನ್ ನಂಬರ್ ಬರೆದ ಚೀಟಿ ಕೈಚೀಲಕ್ಕೆ ಹೊಲಿದೆವು. ಮಾವ ಎಲ್ಲಿ ಅಂತ ಕೇಳಿದಾಗ ಮಾತ್ರ ನನಗೆ ಇನ್ನೂ ಕಷ್ಟ. ಒಂದು ಸಲ ನಿಜ ಹೇಳಿದ್ದೆ. ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅತ್ತರು. ಈಗ, “ನೆನಪಾಯ್ತಾ ಅತ್ತೆ? ಮಾವ ತೋಟದಿಂದ ಬಂದ ಕೂಡಲೇ ಏನು ಕೇಳ್ತಿದ್ರು?” ಅನ್ನುತ್ತೇನೆ. ಮಜ್ಜಿಗೆ ಅನ್ನುತ್ತಾರೆ. ಕೆಲವು ದಿನ ಅವರೇ, “ಹೋಗ್ಬಿಟ್ರಲ್ವಾ?” ಅಂತ ಕೇಳುತ್ತಾರೆ. ಆಗ ಹೌದು ಅಂದು ಕೈ ಹಿಡಿದುಕೊಂಡು ಕೂರುತ್ತೇನೆ.

ನನಗೆ ನಿಜವಾಗಿಯೂ ಸುಳ್ಳು ಅನ್ನಿಸಿದ್ದು ಬೇರೆ. ಒಬ್ಬ ನೆಂಟರು ಹಣ್ಣು ಹಿಡಿದುಕೊಂಡು ಬಂದರು, ಅತ್ತೆಯ ಜೊತೆ ಹಳೆಯ ದಿನಗಳ ಬಗ್ಗೆ ಪ್ರೀತಿಯಿಂದಲೇ ಮಾತಾಡಿದರು, ಆಮೇಲೆ ಜಮೀನಿನ ಒಂದು ಕಾಗದ ತೆಗೆದು, “ಇಲ್ಲೊಂದು ಸಹಿ ಹಾಕಿಬಿಡಿ ಅಕ್ಕಾ” ಅಂದರು. ಅತ್ತೆ ಪೆನ್ನು ತೆಗೆದುಕೊಂಡೂ ಆಗಿತ್ತು. ನಾನು ಕಾಫಿ ಲೋಟ ಬಿಟ್ಟು ಓಡಿಬಂದೆ. ನಿಮ್ಮ ಮನೆಯ ಹಿರಿಯರ “ಹೂಂ”ಗೆ ಬೆಲೆ ಇರುವಾಗಲೇ ವಿಲ್, ನಾಮಿನಿ, ಜಂಟಿ ಖಾತೆ ಇಂಥವನ್ನು ಅವರನ್ನೇ ಕೇಳಿ ಮುಗಿಸಿಕೊಳ್ಳಿ. ಅವರ ಪರವಾಗಿ ವ್ಯವಹಾರ ಮಾಡೋಕೆ ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತ ನೆಮ್ಮದಿಯಾಗಿರಬೇಡಿ. ಕೊಟ್ಟವರಿಗೆ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅದು ಬಿದ್ದುಹೋಗುತ್ತದೆ. ಬ್ಯಾಂಕಿನಲ್ಲಿದ್ದಾಗ ಎಷ್ಟೋ ಮನೆಯವರು ಇದನ್ನು ಕೇಳಿ ಕೌಂಟರಿನಲ್ಲೇ ಕೂತುಬಿಟ್ಟಿದ್ದನ್ನು ನೋಡಿದ್ದೇನೆ.

ಇತ್ತೀಚೆಗೆ ಅತ್ತೆ ಕೈಚೀಲ ಹಿಡಿಯುವುದು ಕಡಿಮೆ. ನಡಿಗೆಯೂ ನಿಧಾನ. ನನ್ನನ್ನು ಕೊಟ್ಟಿಗೆ ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿ ಅಂದುಕೊಂಡಿದ್ದಾರೆ. ನನಗೆ 54. ಮೊನ್ನೆ ಸಂಜೆ ಲೈಟು ಹಾಕಿ, ಹೂವಿನ ಬುಟ್ಟಿ ತಂದು ಪಕ್ಕದಲ್ಲಿ ಕೂತೆ.

“ಹಾಲು ಕರೆದಾಯ್ತಾ?”

“ಆಯ್ತು ಅತ್ತೆ.”

“ಗಂಗೆ ಒದ್ಲಾ?”

“ಇಲ್ಲ, ಇವತ್ತು ಸುಮ್ನೆ ನಿಂತಿದ್ಲು.”

“ನೀನು ಹೊಸಬಳಲ್ವಾ, ಅದಕ್ಕೆ. ನಾಳೆ ನೋಡು.”