ಮಾರಿದಷ್ಟೂ ನಷ್ಟ: ಫ್ಯಾಕ್ಟರಿ ರೆಕಾರ್ಡ್ಸ್ ಸಿನಿಮಾದ ಜೊತೆ ಒಂದು ಸಂಜೆ

‘24 ಅವರ್ ಪಾರ್ಟಿ ಪೀಪಲ್’ ನೋಡಲು ಕೂರುವ ಮುನ್ನ ಸಬ್‌ಟೈಟಲ್ ಹಾಕಿಕೊಳ್ಳಿ. ಇಂಗ್ಲಿಷ್ ಸಿನಿಮಾಕ್ಕೆ ಇಂಗ್ಲಿಷ್ ಸಬ್‌ಟೈಟಲ್ಲೇ ಎಂದು ಸಂಕೋಚ ಬೇಡ. ಮ್ಯಾಂಚೆಸ್ಟರ್ ಸೀಮೆಯ ಮಾತು, ಅದರಲ್ಲೂ ಹ್ಯಾಪಿ ಮಂಡೇಸ್ ಬ್ಯಾಂಡಿನ ಹುಡುಗರ ಮಾತು, ಶಾಲೆಯಲ್ಲಿ ಕಲಿತ ಇಂಗ್ಲಿಷಿಗೆ ದಕ್ಕುವಂಥದ್ದಲ್ಲ. ಇನ್ನು ಲ್ಯಾಪ್‌ಟಾಪಿನ ಸ್ಪೀಕರ್ ನಂಬಿ ಕೂರಬೇಡಿ. ಈ ಕಥೆಯ ಅರ್ಧ ಭಾಗ ಬೇಸ್ ಗಿಟಾರ್ ಮತ್ತು ಡ್ರಮ್ಮಿನಲ್ಲಿದೆ. ಚಿಕ್ಕ ಸ್ಪೀಕರಿನಲ್ಲಿ ಕೆಳಸ್ಥಾಯಿಯೆಲ್ಲ ನುಂಗಿಹೋಗಿ ಬರೀ ತಗಡಿನ ಸದ್ದು ಉಳಿಯುತ್ತದೆ. ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು.

2002ರ ಸಿನಿಮಾ, ನಿರ್ದೇಶಕ ಮೈಕೆಲ್ ವಿಂಟರ್‌ಬಾಟಮ್. ಮ್ಯಾಂಚೆಸ್ಟರಿನ ಗ್ರನಾಡಾ ಟಿವಿಯಲ್ಲಿ ವರದಿಗಾರನಾಗಿದ್ದ ಟೋನಿ ವಿಲ್ಸನ್ 1978ರಲ್ಲಿ ಗೆಳೆಯ ಅಲನ್ ಇರಾಸ್ಮಸ್ ಜೊತೆಗೂಡಿ ಕಟ್ಟಿದ ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಸ್ವತಂತ್ರ ಕಂಪನಿಯ ಕಥೆ ಇದು. ವಿಲ್ಸನ್ ಪಾತ್ರದಲ್ಲಿ ಸ್ಟೀವ್ ಕೂಗನ್. ಈತ ಕಥೆಯ ನಡುವೆಯೇ ಕ್ಯಾಮೆರಾದತ್ತ ತಿರುಗಿ ನಮ್ಮೊಡನೆ ಹರಟುತ್ತಾನೆ, ಮುಂದೆ ಆಗಲಿರುವುದನ್ನು ಮೊದಲೇ ಹೇಳಿಬಿಡುತ್ತಾನೆ, ತನ್ನ ಮಾತನ್ನು ತಾನೇ ಅಲ್ಲಗಳೆಯುತ್ತಾನೆ. ಇದು ಸಾಕ್ಷ್ಯಚಿತ್ರವಲ್ಲ. ಪುರಾಣ ಮತ್ತು ವಾಸ್ತವ ಎದುರುಬದುರಾದಾಗಲೆಲ್ಲ ಪುರಾಣದ ಪಕ್ಷ ಹಿಡಿಯುವ ಸಿನಿಮಾ. ಹಾಗೆ ಮಾಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳುವ ಪ್ರಾಮಾಣಿಕತೆ ಮಾತ್ರ ಅದಕ್ಕಿದೆ. ಹಾವರ್ಡ್ ಡಿವೋಟೋ ಎಂಬ ಗಾಯಕನನ್ನೂ ವಿಲ್ಸನ್‌ನ ಹೆಂಡತಿಯನ್ನೂ ಒಟ್ಟಿಗೆ ತೋರಿಸುವ ಶೌಚಾಲಯದ ದೃಶ್ಯವೊಂದಿದೆ. ಅಲ್ಲಿ ಶುಚಿ ಮಾಡುತ್ತಿರುವ ಮನುಷ್ಯನ ಮುಖ ಗಮನಿಸಿ. ಅವನೇ ನಿಜವಾದ ಡಿವೋಟೋ. ಹೀಗೆ ನಡೆದದ್ದು ತನಗೆ ನೆನಪಿಲ್ಲ ಎಂದು ಹೇಳಲೆಂದೇ ಅಲ್ಲಿ ನಿಂತಿದ್ದಾನೆ.

ಆರಂಭದಲ್ಲೇ 1976ರ ಜೂನ್ 4ರಂದು ಮ್ಯಾಂಚೆಸ್ಟರಿನಲ್ಲಿ ನಡೆದ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡಿನ ಕಾರ್ಯಕ್ರಮ ಬರುತ್ತದೆ. ಲೆಸ್ಸರ್ ಫ್ರೀ ಟ್ರೇಡ್ ಹಾಲಿನಲ್ಲಿ ಬೆರಳೆಣಿಕೆಯ ಜನ. ಮುಂದೆ ಫ್ಯಾಕ್ಟರಿಯ ಹೆಸರಾಂತ ಬ್ಯಾಂಡ್ ಜಾಯ್ ಡಿವಿಷನ್ ಕಟ್ಟಿದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಆ ಬೆರಳೆಣಿಕೆಯಲ್ಲಿದ್ದರು. ವೇದಿಕೆಯ ಮೇಲಿನದು ಆ ಕಾಲದ ಅಸಲಿ ಫಿಲ್ಮು, ಪ್ರೇಕ್ಷಕರು ನಟರು. ಛಾಯಾಗ್ರಾಹಕ ರಾಬಿ ಮ್ಯೂಲರ್ ಸಿನಿಮಾವನ್ನು ಡಿಜಿಟಲ್ ವಿಡಿಯೊದಲ್ಲೇ ತೆಗೆದದ್ದರಿಂದ ಹಳತು ಹೊಸತುಗಳ ಹೊಲಿಗೆ ಕಣ್ಣಿಗೆ ಚುಚ್ಚುವುದಿಲ್ಲ. ಚಿತ್ರ ಮಸುಕಾಗಿದೆ ಎಂದು ಟಿವಿಯ ಸೆಟಿಂಗ್ ತಿರುವಲು ಹೋಗಬೇಡಿ, ಅದು ಇರುವುದೇ ಹಾಗೆ.

ಎರಡನೇ ಸಲ ನೋಡುವವರು ಕಾಯುವುದು ಫ್ಯಾಕ್ಟರಿಯ ರೆಕಾರ್ಡಿಂಗ್ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್‌ಗಾಗಿ. ಆ್ಯಂಡಿ ಸರ್ಕಿಸ್ ಮಾಡಿರುವ ಈ ಪಾತ್ರ ಬೆಟ್ಟದ ಬಯಲಲ್ಲಿ ಮೈಕ್ ಹಿಡಿದು ನಿಶ್ಶಬ್ದವನ್ನು ರೆಕಾರ್ಡ್ ಮಾಡುತ್ತದೆ, ಡ್ರಮ್ ಸೆಟ್ ಬಿಚ್ಚಿಸಿ ಡ್ರಮ್ಮರ್‌ನನ್ನು ಛಾವಣಿಗೆ ಹತ್ತಿಸುತ್ತದೆ. ನೋಡಿದವರು ಹುಚ್ಚು ಎಂದು ನಗುತ್ತಾರೆ. ಆದರೆ ಡ್ರಮ್ ಬಿಚ್ಚಿಸುವುದರ ಹಿಂದೆ ಗಟ್ಟಿ ಕಾರಣವಿತ್ತು. ಇಡೀ ಸೆಟ್ ಒಮ್ಮೆಗೇ ಬಾರಿಸಿದರೆ ಸ್ನೇರ್ ಎಂಬ ಚಟಪಟ ಸದ್ದಿನ ಡ್ರಮ್ಮಿನ ಮುಂದಿನ ಮೈಕಿಗೆ ಪಕ್ಕದ ಹೈ-ಹ್ಯಾಟ್ ಎಂಬ ಜೋಡಿ ತಾಳದ ಸದ್ದೂ ಸೋರುತ್ತದೆ. ಹ್ಯಾನೆಟ್ ಬಳಸುತ್ತಿದ್ದದ್ದು ಎಎಂಎಸ್ ಕಂಪನಿಯ ಡಿಜಿಟಲ್ ಡಿಲೇ, ಅಂದರೆ ಸದ್ದನ್ನು ತಡಮಾಡುವ ಯಂತ್ರ. ಸ್ನೇರಿನ ಏಟನ್ನು ಕೆಲವೇ ಮಿಲಿಸೆಕೆಂಡ್ ತಡಮಾಡಿ ಮೂಲದ ಜೊತೆ ಬೆರೆಸಿದರೆ ಪ್ರತಿಧ್ವನಿ ಎಂದು ಬೇರೆಯಾಗಿ ಕೇಳಿಸದೆ ಏಟೇ ದಪ್ಪವಾಗಿ, ಎಲ್ಲೋ ದೊಡ್ಡ ಖಾಲಿ ಕಟ್ಟಡದಲ್ಲಿ ಬಿದ್ದಂತೆ ಕೇಳಿಸುತ್ತದೆ. ಸೋರಿದ ಹೈ-ಹ್ಯಾಟ್ ಅದರೊಳಗಿದ್ದರೆ ಅದೂ ಜೋಡಿಯಾಗಿ ಬಡಿದು ಎಲ್ಲ ಕಲಸುಮೇಲೋಗರ. ಹಾಗಾಗಿ ಒಂದೊಂದೇ ಡ್ರಮ್ಮನ್ನು ಬೇರೆಬೇರೆ ಬಾರಿಸಿ ರೆಕಾರ್ಡ್ ಮಾಡಬೇಕಾಯಿತು. ಬಾರಿಸುವವನಿಗೆ ಅದು ಶಿಕ್ಷೆಯೇ. ಕೈಕಾಲು ನಾಲ್ಕೂ ಸೇರಿ ಹಿಡಿಯುವ ಲಯವನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಜಾಯ್ ಡಿವಿಷನ್‌ನ ಡ್ರಮ್ಮರ್ ಸ್ಟೀಫನ್ ಮಾರಿಸ್ ಅದನ್ನು ಹಿಡಿದ.

1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ಹೀಗೆ ತಯಾರಾದದ್ದು ಜಾಯ್ ಡಿವಿಷನ್‌ನ ಮೊದಲ ಆಲ್ಬಮ್ ‘ಅನ್‌ನೋನ್ ಪ್ಲೆಷರ್ಸ್’. ಅದರ ಕೊನೆಯ ಹಾಡಿನಲ್ಲಿ ಗಾಜು ಒಡೆಯುವ ಸದ್ದಿದೆ, ‘ಇನ್‌ಸೈಟ್’ ಹಾಡಿನ ದನಿ ಟೆಲಿಫೋನ್ ತಂತಿಯ ಮೂಲಕ ಬಂದದ್ದು. ವೇದಿಕೆಯ ಮೇಲೆ ಆರ್ಭಟಿಸುತ್ತಿದ್ದ ಹುಕ್ ಮತ್ತು ಸಮ್ನರ್‌ಗೆ ಈ ತಣ್ಣನೆಯ ಸದ್ದು ಆಗ ಹಿಡಿಸಲೇ ಇಲ್ಲ. ಹುಕ್‌ನ ಬೇಸ್ ಗಿಟಾರ್ ಮೇಲುಸ್ಥಾಯಿಯಲ್ಲಿ ರಾಗ ನುಡಿಸುವುದನ್ನೂ ಗಮನಿಸಿ. ಅವನ ಹತ್ತಿರವಿದ್ದ ಕಳಪೆ ಆಂಪ್ಲಿಫೈಯರಿನಲ್ಲಿ ಕೆಳಗಿನ ಸ್ವರಗಳು ಅವನಿಗೇ ಕೇಳಿಸುತ್ತಿರಲಿಲ್ಲವಂತೆ, ಅದಕ್ಕೇ ಮೇಲೆ ಹತ್ತಿದ.

ಇನ್ನು ಕಂಪನಿಯ ಲೆಕ್ಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ವಿನ್ಯಾಸಕಾರ ಪೀಟರ್ ಸ್ಯಾವಿಲ್ ಮಾಡಿದ ಮೊದಲ ಪೋಸ್ಟರ್ ಕಾರ್ಯಕ್ರಮ ಮುಗಿದ ಮೇಲೆ ಕೈಸೇರುತ್ತದೆ. ಎಲ್ಲರೂ ಅದರ ಅಂದ ಹೊಗಳುತ್ತಾರೆ, ಕ್ಯಾಟಲಾಗಿನಲ್ಲಿ ಅದಕ್ಕೆ ಫ್ಯಾಕ್ 1 ಎಂಬ ಸಂಖ್ಯೆಯೂ ಸಿಗುತ್ತದೆ. ಫ್ಯಾಕ್ಟರಿಯಲ್ಲಿ ಧ್ವನಿಮುದ್ರಿಕೆಗೆ ಮಾತ್ರ ಸಂಖ್ಯೆ ಎಂದೇನಿರಲಿಲ್ಲ. ಜಾಯ್ ಡಿವಿಷನ್‌ನ ಮ್ಯಾನೇಜರ್ ರಾಬ್ ಗ್ರೆಟನ್‌ನ ಹಲ್ಲಿನ ಡಾಕ್ಟರ ಬಿಲ್ಲು ಫ್ಯಾಕ್ 99, ಕಂಪನಿಯ ನೈಟ್‌ಕ್ಲಬ್ಬಿನ ಬೆಕ್ಕು ಫ್ಯಾಕ್ 191, ಹ್ಯಾನೆಟ್ ಇವರ ಮೇಲೇ ಹಾಕಿದ ಮೊಕದ್ದಮೆ ಫ್ಯಾಕ್ 61. ಈ ಸಿನಿಮಾವೇ ಫ್ಯಾಕ್ 401. 2007ರಲ್ಲಿ ತೀರಿಕೊಂಡ ವಿಲ್ಸನ್‌ನ ಶವಪೆಟ್ಟಿಗೆಗೆ ಕೊಟ್ಟದ್ದು 501.

ನಷ್ಟದ ಪಾಠವೆಲ್ಲ ಫ್ಯಾಕ್ 73ರಲ್ಲಿದೆ. ಜಾಯ್ ಡಿವಿಷನ್‌ನ ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು ಆತ್ಮಹತ್ಯೆ ಮಾಡಿಕೊಂಡ ಮೇಲೆ ಉಳಿದವರು ನ್ಯೂ ಆರ್ಡರ್ ಆದರು. 1983ರ ಮಾರ್ಚ್‌ನಲ್ಲಿ ಅವರ ‘ಬ್ಲೂ ಮಂಡೇ’ 12 ಇಂಚಿನ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಆಗಿ ಬಂತು. ಸ್ಯಾವಿಲ್ ಹೊದಿಕೆಯನ್ನು ಫ್ಲಾಪಿ ಡಿಸ್ಕಿನ ಹಾಗೆ ರೂಪಿಸಿ ಅದರಲ್ಲಿ ತೂತು ಕತ್ತರಿಸಿದ, ಒಳಗೆ ಬೆಳ್ಳಿಬಣ್ಣದ ಇನ್ನೊಂದು ಹೊದಿಕೆ ಇಟ್ಟ. ಮುಂಭಾಗದಲ್ಲಿ ಬ್ಯಾಂಡಿನ ಹೆಸರೂ ಇಲ್ಲ, ಹಾಡಿನ ಹೆಸರೂ ಇಲ್ಲ. ಅಂಚಿನ ಬಣ್ಣದ ಚೌಕಗಳೇ ಅಕ್ಷರಗಳು, ಅವನ್ನು ಓದುವ ಕೀಲಿ ಅದೇ ವರ್ಷ ಬಂದ ಅವರ ಆಲ್ಬಮಿನ ಹಿಂಬದಿಯಲ್ಲಿ. ಕತ್ತರಿಸುವ ಅಚ್ಚು ಮಾಡಿಸುವುದು ಒಂದೇ ಸಲದ ಖರ್ಚು, ಹೆಚ್ಚು ಮಾರಿದಷ್ಟೂ ಅದು ಹಂಚಿಹೋಗುತ್ತದೆ. ಪ್ರತಿ ಹೊದಿಕೆಯನ್ನೂ ಆ ಅಚ್ಚಿಗೆ ಕೊಟ್ಟು ಕತ್ತರಿಸುವ, ಒಳಹೊದಿಕೆ ಸೇರಿಸುವ ಖರ್ಚು ಹಾಗಲ್ಲ, ಪ್ರತಿಯೊಂದಕ್ಕೂ ಬೀಳುತ್ತದೆ. ಅದು ಅಂಗಡಿಯಿಂದ ಬರುವ ಹಣವನ್ನು ಮೀರಿದರೆ ಮಾರಿದಷ್ಟೂ ನಷ್ಟ. ಎಷ್ಟು ಪೆನ್ನಿ ಎಂಬುದರಲ್ಲಿ ಹೇಳುವವರದ್ದು ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ಹೇಗೂ ಹೆಚ್ಚು ಮಾರಾಟವಾಗುವುದಿಲ್ಲವಲ್ಲ ಎಂಬುದು ಅವರ ಸಮಾಧಾನ. ಅದೋ ಬ್ರಿಟನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಿದ 12 ಇಂಚಿನ ಸಿಂಗಲ್ ಆಗಿ ಕೂತಿತು! ಮುಂದಿನ ಮುದ್ರಣಗಳಲ್ಲಿ ತೂತು ಮಾಯವಾಯಿತು.

ಹಾಡುಗಳು ಗಳಿಸಿದ್ದನ್ನು ನುಂಗಿದ್ದು ಹಸಿಯೆಂಡಾ, ಅಂದರೆ ಫ್ಯಾಕ್ 51. ವಿಹಾರ ದೋಣಿಗಳ ಷೋರೂಮ್ ಆಗಿದ್ದ ಕಟ್ಟಡವನ್ನು ಬೆನ್ ಕೆಲ್ಲಿ ನೈಟ್‌ಕ್ಲಬ್ ಮಾಡಿಕೊಟ್ಟ, 1982ರ ಮೇ 21ರಂದು ಬಾಗಿಲು ತೆರೆಯಿತು. ಕಂಬಗಳಿಗೆ ರಸ್ತೆ ಕಾಮಗಾರಿಯಲ್ಲಿ ಕಾಣುವ ಹಳದಿ-ಕಪ್ಪು ಪಟ್ಟಿ. ಮೊದಲ ವರ್ಷಗಳಲ್ಲಿ ಜನವಿಲ್ಲ. ಎಂಬತ್ತರ ದಶಕದ ಕೊನೆಗೆ ಆಸಿಡ್ ಹೌಸ್ ಎಂಬ ಕುಣಿತದ ಸಂಗೀತ ಬಂದಾಗ ಕಾಲಿಡಲು ಜಾಗವಿಲ್ಲ, ಆದರೂ ಗಲ್ಲಾ ತುಂಬಲಿಲ್ಲ. ಕ್ಲಬ್ ಬದುಕುವುದು ಬಾರಿನ ವ್ಯಾಪಾರದಿಂದ. ಎಕ್ಸ್‌ಟಸಿ ಎಂಬ ಮಾದಕ ಮಾತ್ರೆ ನುಂಗಿ ಕುಣಿಯುವವರು ಬಿಯರ್ ಕೇಳುವುದಿಲ್ಲ, ನೀರು ಕೇಳುತ್ತಾರೆ. ದುಡ್ಡು ಹೋದದ್ದು ಮಾತ್ರೆ ಮಾರುವವರ ಜೇಬಿಗೆ, ಅವರ ಹಿಂದೆಯೇ ಬಂದೂಕು ಹಿಡಿದ ಗ್ಯಾಂಗುಗಳು ಬಂದವು. ಕ್ಲಬ್ 1997ರಲ್ಲಿ ಮುಚ್ಚಿತು. ಸಿನಿಮಾದಲ್ಲಿರುವುದು ಮತ್ತೆ ಕಟ್ಟಿದ ಸೆಟ್. ಅಸಲಿ ಜಾಗದಲ್ಲಿ ಈಗ ಅದೇ ಹೆಸರಿನ ಅಪಾರ್ಟ್‌ಮೆಂಟ್.

ಸಿನಿಮಾ ಎಡವುವುದು ಈ ಎರಡನೇ ಅರ್ಧದಲ್ಲೇ. ಕರ್ಟಿಸ್ ಇರುವವರೆಗೆ ತಮಾಷೆಗೂ ಒಂದು ತೂಕವಿರುತ್ತದೆ. ಆಮೇಲೆ ಹ್ಯಾಪಿ ಮಂಡೇಸ್ ಪುಂಡಾಟ ಉದ್ದವಾಗಿ, ನ್ಯೂ ಆರ್ಡರ್ ಬಹುತೇಕ ಮರೆತೇಹೋಗುತ್ತದೆ. ಶರ್ಲಿ ಹೆಂಡರ್ಸನ್‌ಳಂಥ ನಟಿಯನ್ನು ಹೆಂಡತಿಯ ಪಾತ್ರಕ್ಕೆ ಕರೆತಂದು ಬೇಗನೆ ಬದಿಗೆ ಸರಿಸಿದ್ದಾರೆ. ಮಂಡೇಸ್ ಆಲ್ಬಮ್ ಮಾಡಲು ಬಾರ್ಬಡೋಸಿಗೆ ಹೋಗಿ ಕಂಪನಿಯ ಬೊಕ್ಕಸ ಬರಿದು ಮಾಡುವ ಭಾಗವಂತೂ ಓಡಿಹೋಗುತ್ತದೆ, ಮುಳುಗುವುದಕ್ಕೆ ಅಷ್ಟು ದೊಡ್ಡ ಕಾರಣ ಅದಾಗಿದ್ದರೂ.

ಆದರೆ ಕೊನೆಯ ಮಾರಾಟದ ದೃಶ್ಯಕ್ಕೆ ಸರಿಯಾದ ಸಮಯ ಕೊಟ್ಟಿದ್ದಾರೆ. 1992ರಲ್ಲಿ ಲಂಡನ್ ರೆಕಾರ್ಡ್ಸ್ ಫ್ಯಾಕ್ಟರಿಯನ್ನು ಕೊಳ್ಳಲು ಬರುತ್ತದೆ, ಕರಾರುಪತ್ರ ಕೇಳುತ್ತದೆ. ಇರುವುದು ವಿಲ್ಸನ್ ತನ್ನ ರಕ್ತದಲ್ಲಿ ಬರೆದದ್ದೊಂದೇ. ಸಂಗೀತವೆಲ್ಲ ಸಂಗೀತಗಾರರದ್ದು, ಕಂಪನಿಯದ್ದು ಏನೂ ಇಲ್ಲ ಎಂಬುದು ಅದರ ಸಾರ. ನಮ್ಮಲ್ಲಿ ಆಡಿಯೊ ಕಂಪನಿ ಎಂದರೇ ಹಾಡಿನ ಹಕ್ಕು ಕೊಂಡಿಟ್ಟುಕೊಂಡವರು. ಹಕ್ಕೇ ಇಲ್ಲದ ಕಂಪನಿಯಲ್ಲಿ ಕೊಳ್ಳುವುದೇನನ್ನು, ಮೇಜು ಕುರ್ಚಿಯನ್ನೇ? ಆ ವರ್ಷದ ನವೆಂಬರ್‌ನಲ್ಲಿ ಫ್ಯಾಕ್ಟರಿ ದಿವಾಳಿಯಾಯಿತು. ನ್ಯೂ ಆರ್ಡರ್ ನೇರವಾಗಿ ಲಂಡನ್ ರೆಕಾರ್ಡ್ಸ್ ಸೇರಿ 1993ರಲ್ಲಿ ಮುಂದಿನ ಆಲ್ಬಮ್ ಹೊರತಂದಿತು.