ಸೋಲಾಪುರಕ್ಕೆ ಸಿಎಂಇಗೆ ಹೋಗುವ ಗಡಿಭಾಗದ ಡಾಕ್ಟರುಗಳಿಗೆ

ಇಂಡಿ, ಚಡಚಣ, ಅಫಜಲಪುರ, ಆಳಂದ ಕಡೆ ಪ್ರಾಕ್ಟೀಸ್ ಮಾಡುವವರು ಆಗಾಗ ಸೋಲಾಪುರದ ಸಿಎಂಇಗಳಿಗೆ, ಅಂದರೆ ವೈದ್ಯರ ಮುಂದುವರಿದ ಕಲಿಕೆಯ ಕಾರ್ಯಕ್ರಮಗಳಿಗೆ, ಹೋಗಿ ಬರಬೇಕು. ಬೆಂಗಳೂರಿನ ದೊಡ್ಡ ಸಮ್ಮೇಳನ ಬೇಡ ಅಂತಲ್ಲ. ಆದರೆ ನಮ್ಮ ಕೈ ಮೀರಿದ ಪೇಷಂಟ್ ಅರ್ಧರಾತ್ರಿಯಲ್ಲಿ ಬೆಂಗಳೂರಿಗೆ ಹೋಗುವುದಿಲ್ಲ. ಭೀಮಾ ದಾಟಿ ಸೋಲಾಪುರಕ್ಕೆ ಹೋಗುತ್ತಾನೆ. ನಾವು ಬರೆದ ಚೀಟಿಯನ್ನು ಅಲ್ಲಿ ಯಾರು ಓದುತ್ತಾರೆ, ಯಾವ ಬಾಗಿಲಿನಿಂದ ಒಳಗೆ ಕರೆದುಕೊಳ್ಳುತ್ತಾರೆ, ಅವರಿಗೆ ಏನು ಗೊತ್ತಾಗಬೇಕಿತ್ತು, ಇದು ನಮಗೆ ಗೊತ್ತಿರಬೇಕು ಅಲ್ವಾ? ನಾನು ಈ ಸಲ ಹೋಗಿದ್ದು ಹಾವು ಕಡಿತ ಮತ್ತು ಚೇಳು ಕಡಿತದ ಚಿಕಿತ್ಸೆಯ ಕಾರ್ಯಾಗಾರಕ್ಕೆ. ಶನಿವಾರ ಭಾಷಣಗಳು, ಭಾನುವಾರ ಕೈಯಿಂದಲೇ ಮಾಡಿ ಕಲಿಯುವ ತರಬೇತಿ. ಮುಂದೆ ಇಂಥದ್ದಕ್ಕೆ ಹೋಗುವವರಿಗೆ ಅನುಕೂಲ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕ್ರೆಡಿಟ್ ವಿಚಾರ ಮುಗಿಸೋಣ. ವೈದ್ಯರ ನೋಂದಣಿ ನವೀಕರಣಕ್ಕೆ 5 ವರ್ಷಕ್ಕೆ ಇಂಥ ಕಲಿಕೆಯ 30 ಗಂಟೆ ಕ್ರೆಡಿಟ್ ಬೇಕು ಅನ್ನುವುದು ಎಲ್ಲರಿಗೂ ಗೊತ್ತಿದೆ. ಸೋಲಾಪುರದ ಕಾರ್ಯಕ್ರಮಕ್ಕೆ ಕ್ರೆಡಿಟ್ ಕೊಡುವುದು ಮಹಾರಾಷ್ಟ್ರದ ಮೆಡಿಕಲ್ ಕೌನ್ಸಿಲ್. ಹಾಗಾಗಿ ದುಡ್ಡು ಕಟ್ಟುವ ಮೊದಲೇ ಸಂಘಟಕರಿಗೆ ಫೋನ್ ಮಾಡಿ. ಕಾರ್ಯಕ್ರಮಕ್ಕೆ ಮಾನ್ಯತೆ ಸಿಕ್ಕಿದೆಯಾ, ಎಷ್ಟು ಗಂಟೆ, ಮಾನ್ಯತೆ ಸಂಖ್ಯೆ ಪ್ರಮಾಣಪತ್ರದ ಮೇಲೆ ಅಚ್ಚಾಗುತ್ತದಾ ಅಂತ ಕೇಳಿ. ಆಮೇಲೆ ಬೆಂಗಳೂರಿನ ನಮ್ಮ ಕೌನ್ಸಿಲ್ ಕಚೇರಿಗೂ ಒಂದು ಮಾತು ಕೇಳಿಬಿಡಿ. ನಿಮ್ಮ ಹೆಸರಿನ ಸ್ಪೆಲ್ಲಿಂಗ್ ನೋಂದಣಿ ಪತ್ರದಲ್ಲಿ ಇರುವ ಹಾಗೇ ಕೊಡಿ. ಮರಾಠಿ ಪದ್ಧತಿಯಲ್ಲಿ ಮನೆತನದ ಹೆಸರು ಮುಂದೆ ಹಾಕಿಬಿಡುತ್ತಾರೆ, ಆಮೇಲೆ ತಿದ್ದಿಸಲು ಓಡಾಟ. ಹಾಜರಿ ಸಹಿ ಬೆಳಿಗ್ಗೆ, ಊಟದ ನಂತರ ಎರಡೂ ಹೊತ್ತು ಹಾಕಿ.

ಹೋಗುವುದು ಕಷ್ಟವಿಲ್ಲ. ವಿಜಯಪುರದಿಂದ ಸೋಲಾಪುರಕ್ಕೆ ರಸ್ತೆ ಸುಮಾರು 100 ಕಿಲೋಮೀಟರ್. 52ನೇ ರಾಷ್ಟ್ರೀಯ ಹೆದ್ದಾರಿ, ಹೊರ್ತಿ, ಝಳಕಿ ಮೇಲೆ ಹೋಗಿ ಧೂಳಖೇಡದ ಹತ್ತಿರ ಭೀಮಾ ದಾಟಿದರೆ ಮಹಾರಾಷ್ಟ್ರ. ರೈಲಿನಲ್ಲಾದರೆ ವಿಜಯಪುರ, ಇಂಡಿ ರೋಡ್ ಮೇಲೆ ಬಂದ ಹಳಿ ಹೋಟಗಿ ಜಂಕ್ಷನ್‌ನಲ್ಲಿ ಮುಂಬೈ–ಚೆನ್ನೈ ಮುಖ್ಯ ಮಾರ್ಗಕ್ಕೆ ಸೇರುತ್ತದೆ. ಕಲಬುರಗಿಯವರಿಗೆ ಆ ಮುಖ್ಯ ಮಾರ್ಗದಲ್ಲಿ ದಿನವಿಡೀ ಗಾಡಿಗಳಿವೆ. ಜೊತೆಗೆ ನರ್ಸ್‌ಗಳು ಬರುವುದಾದರೆ ಮೊದಲೇ ಹೇಳಿಡಿ: ಶಕ್ತಿ ಯೋಜನೆಯ ಉಚಿತ ಪ್ರಯಾಣ ನಮ್ಮ ರಾಜ್ಯದ ಒಳಗೆ ಮಾತ್ರ, ಸೋಲಾಪುರದ ಬಸ್ಸಿಗೆ ಟಿಕೆಟ್ ತೆಗೆಸಬೇಕು.

ಯಾವಾಗ ಹೋಗಬಾರದು ಅನ್ನುವುದೂ ಮುಖ್ಯ. ಸಂಕ್ರಾಂತಿಯ ಹೊತ್ತಿಗೆ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ಆಗ ಲಾಡ್ಜ್ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಜಾಸ್ತಿ. ಆಷಾಢ ಏಕಾದಶಿಗೆ ಪಂಢರಪುರದ ಕಡೆಯ ಗಾಡಿಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಳೆಗಾಲದ ಕೊನೆಯಲ್ಲಿ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಭೀಮಾ ಏರುತ್ತದೆ. ಅತ್ತ ಸೀನಾ ನದಿಯೂ ಹಾಗೇ. 2020ರ ಅಕ್ಟೋಬರ್ ನೆರೆ ನೆನಪಿದೆಯಲ್ಲ, ಆ ದಿನಗಳಲ್ಲಿ ಹೊರಡುವ ಮೊದಲು ರಸ್ತೆ ತೆರೆದಿದೆಯಾ ಕೇಳಿಕೊಳ್ಳಿ. ನವೆಂಬರ್, ಡಿಸೆಂಬರ್ ಎಲ್ಲಕ್ಕಿಂತ ಒಳ್ಳೆಯದು.

ಭಾಷೆಯ ಚಿಂತೆ ಬಿಡಿ. ಸೋಲಾಪುರದಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಬೀದಿಯ ಭಾಷೆ. ಸ್ಟೇಷನ್ ಹೊರಗೆ ನಾನು ಹಿಂದಿಯಲ್ಲಿ ಶುರು ಮಾಡಿದೆ, ಆಟೋದವರು ನನ್ನ ಹಿಂದಿ ಕೇಳಿಯೇ "ಯಾವ ಊರ್ರೀ ಸಾಹೇಬ್ರ ನಿಮ್ದು?" ಅಂದರು. ಅವರ ಅಕ್ಕನನ್ನು ಕೊಟ್ಟಿದ್ದು ಚಡಚಣಕ್ಕಂತೆ. ಹಾಲ್‌ನಲ್ಲೂ ಅಷ್ಟೇ. ಭಾಷಣ ಇಂಗ್ಲಿಷಿನಲ್ಲಿ, ಪ್ರಶ್ನೆಗಳು ಮರಾಠಿಯಲ್ಲಿ, ಚಹಾ ಹೊತ್ತಿನ ಮಾತು ಅರ್ಧ ಕನ್ನಡದಲ್ಲಿ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ಕಡೆಯ ಡಾಕ್ಟರುಗಳು ಮನೆಯಲ್ಲಿ ಕನ್ನಡವನ್ನೇ ಮಾತಾಡುವವರು. ನಮ್ಮ ಪೇಷಂಟ್‌ಗಳೂ ಅವರ ಪೇಷಂಟ್‌ಗಳೂ ಬೀಗರು.

ಈಗ ಕಲಿತ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೋಗಬೇಕಾದದ್ದು ಅದಕ್ಕಾಗಿ. ಶನಿವಾರದ ಭಾಷಣಗಳಲ್ಲಿ ಅರ್ಧ ಪುಸ್ತಕದಲ್ಲಿ ಇರುವುದೇ. ಚೇಳಿನ ಭಾಗ ಮಾತ್ರ ಗಮನವಿಟ್ಟು ಕೇಳುವಂತಿತ್ತು. ನಮ್ಮ ಹೊಲಗಳಲ್ಲಿ ಕಲ್ಲೆತ್ತಿದರೆ ಸಿಗುವ ಕೆಂಪು ಚೇಳು ಮಕ್ಕಳ ಜೀವ ತೆಗೆಯುತ್ತದೆ. ಕಡಿದ ಜಾಗದಲ್ಲಿ ನೋವು ಕಡಿಮೆ ಇದ್ದು, ಮೈ ಬೆವೆತು, ಕೈಕಾಲು ತಣ್ಣಗಾಗಿ, ವಾಂತಿ ಶುರುವಾಯಿತು ಅಂದರೆ ಅದು ಹೃದಯಕ್ಕೆ ಹೋಗುವ ದಾರಿಯಲ್ಲಿದೆ ಅಂತಲೇ ತಿಳಿಯಬೇಕು. ಮೊದಲು ರಕ್ತದೊತ್ತಡ ಏರುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದಕ್ಕೆ ರಕ್ತದೊತ್ತಡ ಇಳಿಸುವ ಪ್ರಾಜೋಸಿನ್ ಮಾತ್ರೆ ಕೊಟ್ಟು ಸಾವನ್ನು ಇಳಿಸಬಹುದು ಅಂತ ತೋರಿಸಿದವರು ಇದೇ ಮಹಾರಾಷ್ಟ್ರದ ಮಹಾಡದ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್. ಸಣ್ಣ ಊರಿನಲ್ಲಿ ಪೇಷಂಟ್ ಪಕ್ಕದಲ್ಲೇ ಕೂತು ಬರೆದಿಟ್ಟ ಟಿಪ್ಪಣಿ ಲ್ಯಾನ್ಸೆಟ್ ಅನ್ನುವ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2022ರಲ್ಲಿ ಪದ್ಮಶ್ರೀ ಬಂತು. ತಾಲೂಕು ಡಾಕ್ಟರನ ನೋಟ್‌ಬುಕ್‌ಗೆ ಎಷ್ಟು ಬೆಲೆ ಇದೆ ನೋಡಿ. ಪ್ರಮಾಣ ಕೆಜಿಗೆ 30 ಮೈಕ್ರೋಗ್ರಾಂ, ಕೈಕಾಲು ಬಿಸಿಯಾಗುವವರೆಗೆ 3 ಗಂಟೆಗೊಮ್ಮೆ. ಸಾದಾ ಮಾತ್ರೆಯೇ ಬೇಕು, ನಿಧಾನವಾಗಿ ಕರಗುವುದು ಬೇಡ. ಕೊಟ್ಟ ಮೇಲೆ ಮಗುವನ್ನು ಎಬ್ಬಿಸಿ ಕೂರಿಸಬೇಡಿ, ಬಿಪಿ ಬೀಳುತ್ತದೆ.

ಭಾನುವಾರದ ತರಬೇತಿಯೇ ಈ ಪ್ರವಾಸದ ಜೀವಾಳ. ಭಾಷಣಕ್ಕೆ ತಡವಾದರೂ ಪರವಾಗಿಲ್ಲ, ಇದಕ್ಕೆ ಮಾತ್ರ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಒಂದು ಮೇಜಿನ ಮೇಲೆ ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆ, ಹೆಪ್ಪುಗಟ್ಟದಿದ್ದರೆ ಹಾವಿನ ವಿಷ ರಕ್ತಕ್ಕೆ ಏರಿದೆ ಅಂತ ಲೆಕ್ಕ. ಎಲ್ಲರಿಗೂ ಗೊತ್ತಿರುವುದೇ, 2 ಮಿಲಿ ರಕ್ತ, ಗಾಜಿನ ನಳಿಕೆ, 20 ನಿಮಿಷ ಅಲುಗಾಡಿಸದೆ ಇಟ್ಟು ಒಮ್ಮೆ ಓರೆ ಮಾಡಿ ನೋಡುವುದು. ಆದರೆ ಅಲ್ಲಿ ಒಬ್ಬರದೇ ರಕ್ತವನ್ನು ಬೇರೆ ಬೇರೆ ನಳಿಕೆಗೆ ಹಾಕಿಟ್ಟಿದ್ದರು. ಹೊಸ ಗಾಜಿನ ನಳಿಕೆಯಲ್ಲಿ ರಕ್ತ ಗಟ್ಟಿಯಾಗಿ ಕೂತಿತ್ತು. ಸೋಪಿನ ಪುಡಿಯಲ್ಲಿ ತೊಳೆದ ನಳಿಕೆಯಲ್ಲಿ, ಪ್ಲಾಸ್ಟಿಕ್ ನಳಿಕೆಯಲ್ಲಿ ಓರೆ ಮಾಡಿದ ಕೂಡಲೇ ನೀರಿನ ಹಾಗೆ ಹರಿಯಿತು. ಆರೋಗ್ಯವಾಗಿರುವ ಮನುಷ್ಯನ ರಕ್ತ! ಅಂದರೆ ನಳಿಕೆ ತಪ್ಪಾದರೆ ವಿಷವೇ ಇಲ್ಲದವನಿಗೂ ಪ್ರತಿವಿಷ ಕೊಟ್ಟು ಕೂರುತ್ತೇವೆ. ಊರಿಗೆ ಬಂದ ಮೇಲೆ ಮೊದಲು ತರಿಸಬೇಕಾದದ್ದು ಹೊಸ ಗಾಜಿನ ನಳಿಕೆಗಳ ಡಬ್ಬಿ. ಅದರ ಮೇಲೆ "ತೊಳೆಯಬೇಡಿ" ಅಂತ ಚೀಟಿ ಅಂಟಿಸಿ.

ಇನ್ನೊಂದು ಮೇಜಿನಲ್ಲಿ ಎಎಸ್‌ವಿ, ಅಂದರೆ ಹಾವಿನ ಪ್ರತಿವಿಷದ, ಪುಡಿ ಕರಗಿಸುವುದು. ನಾವು ಅವಸರದಲ್ಲಿ ವಾಯಲ್ (ಔಷಧದ ಸಣ್ಣ ಶೀಶೆ) ಹಿಡಿದು ಜೋರಾಗಿ ಅಲ್ಲಾಡಿಸುತ್ತೇವೆ, ನೊರೆ ಬಂದು ಔಷಧ ಹಾಳಾಗುತ್ತದೆ. ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಹೊರಳಿಸಬೇಕು, ತಾಳ್ಮೆ ಬೇಕು. 10 ವಾಯಲ್ ಕರಗಿಸಲು ಇಬ್ಬರು ಬೇಕೇ ಬೇಕು. ಅದಕ್ಕೇ ಹೇಳುತ್ತೇನೆ, ನಿಮ್ಮ ನರ್ಸನ್ನು ಕರೆದುಕೊಂಡು ಹೋಗಿ. ಅವರ ನೋಂದಣಿ ಶುಲ್ಕ, ಊಟ, ಪ್ರಯಾಣ ನೀವೇ ಕೊಡಿ. ರಾತ್ರಿ ಎರಡು ಗಂಟೆಗೆ ವಾಯಲ್ ಹಿಡಿಯುವವರು ಅವರು. ನಮ್ಮ ಸಿಸ್ಟರ್ ಆ ಮೇಜಿನ ಹತ್ತಿರ ಕೇಳಿದ ಪ್ರಶ್ನೆಗಳನ್ನು ನಾನು ಯಾವತ್ತೂ ಕೇಳುತ್ತಿರಲಿಲ್ಲ: ಸಿರಿಂಜ್ ಸೂಜಿ ಯಾವ ಸೈಜು, ಅಲರ್ಜಿ ಆದರೆ ಕೊಡುವ ಅಡ್ರಿನಲಿನ್ ಮೊದಲೇ ಎಳೆದು ಇಟ್ಟುಕೊಳ್ಳಬೇಕಾ, ಮಗುವಿಗೆ ಕಡಿಮೆ ವಾಯಲ್ ಸಾಕಾ. ಕೊನೆಯದಕ್ಕೆ ಉತ್ತರ, ಸಾಲದು. ಹಾವು ಮಗುವಿಗೆ ಅಂತ ವಿಷ ಕಡಿಮೆ ಬಿಡುವುದಿಲ್ಲ, ದೊಡ್ಡವರಷ್ಟೇ ಕೊಡಬೇಕು. ಅಲರ್ಜಿ ನೋಡಲು ಚರ್ಮದ ಮೇಲೆ ಟೆಸ್ಟ್ ಡೋಸ್ ಹಾಕುವುದನ್ನೂ ಬಿಡಿ ಅಂದರು, ಅದರಿಂದ ಏನೂ ಗೊತ್ತಾಗುವುದಿಲ್ಲ.

ಕಟ್ಟಹಾವಿನ ಬಗ್ಗೆ ಒಂದು ಮಾತು. ರಾತ್ರಿ ನೆಲದ ಮೇಲೆ ಮಲಗಿದವನು ಬೆಳಿಗ್ಗೆ ಹೊಟ್ಟೆನೋವು ಅಂತ ಬರುತ್ತಾನೆ, ಗಾಯ ಕಾಣುವುದೇ ಇಲ್ಲ. ರೆಪ್ಪೆ ಇಳಿಯುತ್ತಿದೆಯಾ ನೋಡಿ, ವಿಷ ನರಗಳಿಗೆ ಹಿಡಿದ ಗುರುತು ಅದು. ನಾಗರಹಾವಿನ ವಿಷಕ್ಕೆ ನಿಯೋಸ್ಟಿಗ್ಮಿನ್ ಇಂಜೆಕ್ಷನ್ ಚೆನ್ನಾಗಿ ಹಿಡಿಯುತ್ತದೆ, ಕಟ್ಟಹಾವಿಗೆ ಅಷ್ಟಾಗಿ ಇಲ್ಲ. ಅಲ್ಲಿ ಉಳಿಸುವುದು ಉಸಿರಿನ ಆಸರೆ. ಗೊಂಬೆಯ ಮೇಲೆ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುವ ಅಭ್ಯಾಸವನ್ನು ನಾಚಿಕೆ ಬಿಟ್ಟು ಮತ್ತೆ ಮತ್ತೆ ಮಾಡಿ. ಹೊಸ ಹುಡುಗರ ಎದುರು ಹೇಗೆ ಅಂತ ಹಿರಿಯರು ಹಿಂದೆ ನಿಲ್ಲುತ್ತಾರೆ, ಹಾಗೆ ಮಾಡಬೇಡಿ.

ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಊಟದ ಸಾಲಿನಲ್ಲಿ ಸಿಕ್ಕ ಮಾತು. ನನ್ನ ಪಕ್ಕ ತಟ್ಟೆ ಹಿಡಿದು ನಿಂತವರು ನಗರದ ಒಂದು ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ (ತುರ್ತು ಚಿಕಿತ್ಸೆ ವಿಭಾಗ) ರಾತ್ರಿ ಪಾಳಿ ಮಾಡುವ ಡಾಕ್ಟರ್. ಅವರು ಹೇಳಿದ್ದು: "ಸರ್, ಗಡಿ ಆಚೆಯಿಂದ ಬರುವ ಚೀಟಿಯಲ್ಲಿ ಹಾವು ಕಡಿತ, ಮುಂದಿನ ಚಿಕಿತ್ಸೆಗೆ ಅಂತ ಇಷ್ಟೇ ಇರ್ತದೆ. ಎಷ್ಟು ಗಂಟೆಗೆ ಕಡೀತು, ಮೊದಲ ವಾಯಲ್ ಎಷ್ಟು ಗಂಟೆಗೆ ಹೋಯ್ತು, ಎಷ್ಟು ಕೊಟ್ರಿ, ನಳಿಕೆ ಪರೀಕ್ಷೆ ಏನಾಯ್ತು, ಇದೇ ಇರೋದಿಲ್ಲ. ನಾವು ಮತ್ತೆ ಮೊದಲಿಂದ ಶುರು ಮಾಡ್ತೀವಿ." ಅವರು ಕೇಳಿದ್ದು ನಾಲ್ಕೇ ಸಾಲು. ಹೆಪ್ಪು ಪರೀಕ್ಷೆಯನ್ನು ಪ್ರತಿವಿಷ ಕೊಟ್ಟ 6 ಗಂಟೆಯ ನಂತರ ಮತ್ತೆ ನೋಡಬೇಕು, ಆ 6 ಗಂಟೆ ಎಣಿಸುವುದು ನಮ್ಮ ಚೀಟಿಯಿಂದ. ಚೀಟಿ ಇಂಗ್ಲಿಷಿನಲ್ಲೇ ಇರಲಿ, ಕನ್ನಡ ಮಾತಾಡುವ ಎಲ್ಲರೂ ಅಲ್ಲಿ ಕನ್ನಡ ಓದುವುದಿಲ್ಲ. ಇನ್ನೂ ಒಂದು, ಲಕ್ಷಣ ಇದ್ದು ನಮ್ಮಲ್ಲಿ ಎಎಸ್‌ವಿ ಇದ್ದರೆ ಮೊದಲ ಡೋಸ್ ಶುರು ಮಾಡಿಯೇ ಕಳಿಸಿ. ಖಾಲಿ ಕೈಯಲ್ಲಿ 100 ಕಿಲೋಮೀಟರ್ ಅಟ್ಟಬೇಡಿ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ, ಆ ಕಡೆ ಕಳಿಸಿದರೂ ನಮ್ಮ ವರದಿ ನಾವು ಕೊಡಬೇಕು.

ಆ ಡಾಕ್ಟರರ ಫೋನ್ ನಂಬರ್ ಈಗ ನಮ್ಮ ಆಸ್ಪತ್ರೆಯ ಗೋಡೆ ಮೇಲಿದೆ. ನೀವು ಹೋದಾಗ ನಂಬರ್ ತೆಗೆದುಕೊಳ್ಳದೆ ಬರಬೇಡಿ. ಸಾಧ್ಯವಾದರೆ ಒಂದು ಮಧ್ಯಾಹ್ನ ನೀವು ಪೇಷಂಟ್ ಕಳಿಸುವ ಆಸ್ಪತ್ರೆಯ ಕ್ಯಾಜುವಾಲ್ಟಿಗೆ ಕಾಲಿಟ್ಟು ಬನ್ನಿ. ಬಡವರು ಹೋಗುವುದು ಸಿವಿಲ್ ಆಸ್ಪತ್ರೆಗೆ, ಅದು 1963ರಲ್ಲಿ ಶುರುವಾದ ವೈಶಂಪಾಯನ ಸರ್ಕಾರಿ ವೈದ್ಯಕೀಯ ಕಾಲೇಜಿನದು. ಆಂಬುಲೆನ್ಸ್ ಯಾವ ಗೇಟಿನಲ್ಲಿ ಹೋಗಬೇಕು ಅಂತ ಕಣ್ಣಾರೆ ನೋಡಿದರೆ ಡ್ರೈವರ್‌ಗೆ ಸರಿಯಾಗಿ ಹೇಳಬಹುದು. ಹೊರರಾಜ್ಯದ ಕಾರ್ಡಿಗೆ ಯಾವ ಯೋಜನೆ ನಡೆಯುತ್ತದೆ, ಆಧಾರ್ ಜೊತೆ ಏನೇನು ತರಬೇಕು ಅಂತ ಅಲ್ಲಿಯೇ ಕೌಂಟರ್‌ನಲ್ಲಿ ಕೇಳಿ ಬರೆದುಕೊಳ್ಳಿ. ಪೇಷಂಟ್ ಕಡೆಯವರು ಗಾಬರಿಯಲ್ಲಿ ಓಡುವಾಗ ಇದೇ ಅವರನ್ನು ಉಳಿಸುತ್ತದೆ.

ಸಂಜೆ ಬಿಡುವಿದ್ದರೆ ಶಾಪಿಂಗ್‌ಗೆ ಹೋಗುವ ಮೊದಲು ಭೈಯ್ಯಾ ಚೌಕಿನ ಕೋಟ್ಣೀಸ್ ಸ್ಮಾರಕ ನೋಡಿ. ಡಾಕ್ಟರ್ ದ್ವಾರಕಾನಾಥ ಕೋಟ್ಣೀಸ್ 1910ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. 1938ರಲ್ಲಿ ಚೀನಾಕ್ಕೆ ಹೋದ ಐದು ಜನ ಭಾರತೀಯ ವೈದ್ಯರಲ್ಲಿ ಒಬ್ಬರು, ಉಳಿದ ನಾಲ್ವರು ವಾಪಸ್ ಬಂದರು, ಇವರು ಯುದ್ಧಭೂಮಿಯ ಗಾಯಾಳುಗಳ ನಡುವೆಯೇ ಉಳಿದು 1942ರಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಸಿಸ್ಟರ್ ಅಲ್ಲಿ ಬಹಳ ಹೊತ್ತು ನಿಂತಿದ್ದರು. ಕೋಟ್ಣೀಸರ ಹೆಂಡತಿಯೂ ನರ್ಸ್. ತೆರೆದಿರುವ ಸಮಯ ಮೊದಲೇ ವಿಚಾರಿಸಿಕೊಂಡು ಹೋಗಿ.

ಸಿದ್ಧೇಶ್ವರ ಗುಡಿಗೆ ಬೆಳಿಗ್ಗೆ ಬೇಗ ಹೋದರೆ ಕೆರೆಯ ಗಾಳಿ ಚೆನ್ನಾಗಿರುತ್ತದೆ. ಸೊನ್ನಲಿಗೆಯ ಸಿದ್ಧರಾಮರ ಊರು, ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಶೇಂಗಾ ಚಟ್ನಿ, ಖಡಕ್ ಭಾಕ್ರಿ ಕಟ್ಟಿಸಿಕೊಂಡು ಬನ್ನಿ, ವಾರಗಟ್ಟಲೆ ಕೆಡುವುದಿಲ್ಲ. ಚಾದರ ಕೊಳ್ಳುವುದಾದರೆ ಬಟ್ಟೆ ಬಿಡಿಸಿ ತೂಕ ನೋಡಿ ತೆಗೆದುಕೊಳ್ಳಿ.

ಭಾನುವಾರ ಸಮಾರೋಪ ತಡವಾಗುತ್ತದೆ. ಹಾರ, ಶಾಲು, ಭಾಷಣ ಮುಗಿಯುವವರೆಗೆ ಪ್ರಮಾಣಪತ್ರ ಕೊಡುವುದಿಲ್ಲ. ಹಾಗಾಗಿ ಸಂಜೆಯ ಗಾಡಿಗೆ ಟಿಕೆಟ್ ಮಾಡಿಸಬೇಡಿ, ರಾತ್ರಿಯದು ಅಥವಾ ಸೋಮವಾರ ಬೆಳಗಿನದು ಇರಲಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಹೆಸರು, ನೋಂದಣಿ ಸಂಖ್ಯೆ, ಕ್ರೆಡಿಟ್ ಗಂಟೆ ಅಲ್ಲಿಯೇ ಓದಿ ನೋಡಿ. ತಪ್ಪಿದ್ದರೆ ಅದೇ ಮೇಜಿನಲ್ಲಿ ತಿದ್ದಿಸಿ, ಒಂದು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ನರ್ಸ್‌ಗಳಿಗೆ ಬೇರೆ ಪ್ರಮಾಣಪತ್ರ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ.