ಪ್ಲೇಟ್ ಯಾಕೆ ತೆಗೆಯೋದಿಲ್ಲ?

ಜುಲೈ 16, 2025, ಬುಧವಾರ
ಮುಲುಂಡ್

ಭಾವನ ಗಾಯದಿಂದ ಮತ್ತೆ ಕೀವು ಬರುತ್ತಿದೆ. ಮುರಿದ ಸೊಂಟದ ಮೂಳೆಗೆ ಲೋಹದ ಪ್ಲೇಟ್ ಹಾಕಿ ಹೊಲಿಗೆ ಬಿಚ್ಚಿದ ಮೇಲೆ ಗಂಡಾಂತರ ಕಳೆಯಿತು ಅಂದುಕೊಂಡಿದ್ದೆವು.

ಬೆಳಿಗ್ಗೆ ಅಕ್ಕನ ಫೋನ್. "ಜ್ವರ ಇದೆ ಕಣೇ. ಆದ್ರೂ ಆ್ಯಂಟಿಬಯೋಟಿಕ್ ನಿಲ್ಲಿಸಿದ್ದಾರೆ. ಏನು ನೋಡ್ತಾ ಕೂತಿದ್ದಾರೆ ಇವರು?" ಅವಳ ಸಿಟ್ಟು ನನಗೂ ಹತ್ತಿತು. ರಜೆ ಹಾಕಿ ಹೋದೆ.

ಮೂಳೆ ಡಾಕ್ಟ್ರು ಸಿಕ್ಕಿದ್ದು ಮಧ್ಯಾಹ್ನ. ಕುರ್ಚಿ ಎಳೆದುಕೊಂಡು ಕೂತರು, ಹಾಳೆ ಮೇಲೆ ಚಿತ್ರ ಬರೆದರು. ಮೇಲಿನ ಕೀವು ಪರೀಕ್ಷೆ ಮಾಡಿದರೆ ಸಾಲದಂತೆ, ಅದರಲ್ಲಿ ಚರ್ಮದ ಮೇಲಿನ ಬ್ಯಾಕ್ಟೀರಿಯಾನೂ ಸೇರಿರುತ್ತವೆ. ಗಾಯ ತೆರೆದು, ಮೂಳೆ ಹತ್ತಿರದಿಂದಲೇ ನಾಲ್ಕೈದು ಕಡೆ ಚೂರು ತೆಗೆದು ಕಲ್ಚರ್‌ಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡೋ ಪರೀಕ್ಷೆಗೆ, ಕಳಿಸಬೇಕು. ಮೊದಲೇ ಔಷಧಿ ಕೊಟ್ಟರೆ ಅಲ್ಲಿ ಏನೂ ಬೆಳೆಯದೇ ಹೋಗಬಹುದು. "ಬಿಪಿ ಇಳಿದರೆ, ಸೆಪ್ಸಿಸ್, ಅಂದ್ರೆ ಸೋಂಕಿನಿಂದ ಜೀವಕ್ಕೇ ಅಪಾಯ, ಅನ್ನಿಸಿದರೆ ತಕ್ಷಣ ಶುರು ಮಾಡ್ತೀವಿ. ಆಗ ಕಾಯೋದಿಲ್ಲ."

"ಹಾಗಾದ್ರೆ ಆ ಪ್ಲೇಟನ್ನೇ ತೆಗೆದುಬಿಡಿ ಸಾರ್" ಅಂದಳು ಅಕ್ಕ.

ನನಗೂ ಅದೇ ಅನ್ನಿಸಿತ್ತು. ನೀರಿನ ಡ್ರಮ್ಮಿನ ಒಳಗೆ ಲೋಳೆ ಕಟ್ಟುತ್ತಲ್ಲ, ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಹಾಗೇ ಪದರ ಕಟ್ಟುತ್ತವೆ. ಅದರೊಳಗೆ ಔಷಧಿ ಸರಿಯಾಗಿ ಕೆಲಸ ಮಾಡೋದಿಲ್ಲ. ಆದರೆ ಮೂಳೆ ಇನ್ನೂ ಕೂಡಿಲ್ಲ ಅಂದರು ಡಾಕ್ಟ್ರು. ಈಗ ತೆಗೆದರೆ ಮೂಳೆ ಅಲ್ಲಾಡುತ್ತೆ, ಅಲ್ಲಾಡೋ ಮೂಳೆಯಲ್ಲಿ ಸೋಂಕು ಹತೋಟಿಗೆ ಬರೋದು ಇನ್ನೂ ಕಷ್ಟ. ಸ್ಕ್ರೂಗಳೆಲ್ಲ ಬಿಗಿಯಾಗಿವೆ. ಹಾಗಾಗಿ ಸತ್ತ ಮಾಂಸ ಕತ್ತರಿಸಿ, ಲೀಟರ್‌ಗಟ್ಟಲೆ ಸಲೈನ್‌ನಿಂದ ತೊಳೆದು, ಪ್ಲೇಟ್ ಅಲ್ಲೇ ಬಿಡುತ್ತಾರೆ. ಒಂದು ಸಲಕ್ಕೆ ಆಗದಿದ್ದರೆ ಇನ್ನೊಮ್ಮೆ ತೊಳೆಯಬೇಕು. ಸೋಂಕು ಹೋಗದಿದ್ದರೆ ಮೂಳೆ ಕೂಡಿದ ಮೇಲೆ ಪ್ಲೇಟ್ ತೆಗೆಯೋದು.

ಅಕ್ಕ ಆ ಹಾಳೆಯನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡಳು. ಈ ಹತ್ತು ನಿಮಿಷದ ಮಾತು ನಿನ್ನೆಯೇ ಯಾರಾದರೂ ಆಡಿದ್ದರೆ ಅವಳು ರಾತ್ರಿಯೆಲ್ಲ ಅಳುತ್ತಿರಲಿಲ್ಲ. ಮದ್ದು ಕೊಡದೆ ಕಾಯೋದೂ ಚಿಕಿತ್ಸೆನೇ ಅಂತ ಮನೆಯವರಿಗೆ ಹೇಗೆ ಗೊತ್ತಾಗಬೇಕು, ಹೇಳಿ?

ಸಂಜೆ ಕೆಳಗಿನ ಹೋಟೆಲಿನ ಶೆಟ್ಟರು ಇಡ್ಲಿ ಕಟ್ಟಿಕೊಟ್ಟು ದುಡ್ಡು ತಗೊಳ್ಳಲಿಲ್ಲ. ಭಾವ ಎರಡು ತಿಂದರು. ತುಂಬಾ ಖುಷಿಯಾಯಿತು.

ನಾಳೆ ಬೆಳಿಗ್ಗೆ ಆಪರೇಷನ್ ಥಿಯೇಟರ್. ಶುಗರ್ ಇಳಿಸೋಕೆ ಇನ್ಸುಲಿನ್ ಹಾಕಿದ್ದಾರೆ, ಶುಗರ್ ಜಾಸ್ತಿ ಇದ್ದರೆ ಗಾಯ ಮಾಯೋದಿಲ್ಲ. ಸಿಗರೇಟು ಪೂರ್ತಿ ಬಂದ್. ಆಮೇಲೆ ಔಷಧಿ, ಮೊದಲು ಡ್ರಿಪ್‌ನಲ್ಲಿ, ಆಮೇಲೆ ಮಾತ್ರೆ, 6ರಿಂದ 12 ವಾರ. 6 ಅಂದರೆ ಚೌತಿ. 12 ಅಂದರೆ ದಸರಾ ಕಳೆದು. ಅಕ್ಕನಿಗೆ ಅಷ್ಟು ರಜೆ ಇಲ್ಲ. ಊರಿಂದ ಅವಳ ಅತ್ತೆಯನ್ನು ಕರೆಸೋಣ ಅಂದರೆ ಅವರಿಗೇ ಮಂಡಿನೋವು, ಮೂರನೇ ಮಹಡಿ, ಲಿಫ್ಟ್ ಬೇರೆ ಇಲ್ಲ. ನಾನೇ ಅರ್ಧ ದಿನ...